ಕೂಗಳತೆಯ ನಿಸ್ತಂತು

ಕಳೆದ ತಿಂಗಳು ಕಾರ್ಯಾರ್ಥವಾಗಿ ಬಾಗಲಕೋಟೆಗೆ ಹೋಗಿದ್ದ ನಾವು, ಅಷ್ಟು ಸಮೀಪಕ್ಕೆ ಹೋಗಿಯೂ ಐಹೊಳೆಯನ್ನು ಕಾಣದೆ ಮರಳುವುದು ಸಲ್ಲದೆಂದು ಒಂದು ಹಗಲನ್ನು ಅಲ್ಲಿ ಕಳೆದೆವು. ಮಲಪ್ರಭೆಯ ಮಗ್ಗುಲಿನ ಆ ಊರಿನಲ್ಲಿ ನೂರಕ್ಕೂ ಮಿಕ್ಕ ಗುಡಿಗಳು ಮನೆಗಳ ನಡುವೆಯೂ ಹೊಲಗಳ ಅಂಚಿನಲ್ಲಿಯೂ ಗುಡ್ಡದ ನೆತ್ತಿಯಲ್ಲಿಯೂ ಚದರಿ ನಿಂತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಆದರೆ ಅಂದು ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುದು ಒಂದು ಸಣ್ಣ ಸಂಗತಿ. ದುರ್ಗದ ಗುಡಿಯ ಆವರಣದ ಹೊರಗೆ ಬೇವಿನ ನೆರಳಿನಲ್ಲಿ ಯಾವುದೋ ಹಳ್ಳಿಯ ಶಾಲೆಯ ಐವತ್ತರವತ್ತು ಮಕ್ಕಳು ಕುಳಿತಿದ್ದರು. ಅವರ ಮಾಸ್ತರರು ಆ ಗುಡಿಗಳ ವೃತ್ತಾಂತವನ್ನು ಮನೆಯಲ್ಲಿಯೇ ಕನ್ನಡದಲ್ಲಿ ಓದಿ ತಮ್ಮ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದಿದ್ದರು. ಫೋನಿನ ಸಣ್ಣ ದನಿಯು ಹಿಂದಿನ ಸಾಲಿನವರಿಗೆ ಮುಟ್ಟದಿರಲು, ಅವರು ಚೀಲದಿಂದ ತೆಂಗಿನಕಾಯಿಯ ಗಾತ್ರದ ಧ್ವನಿವರ್ಧಕವೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟರು. ನಡುವೆ ತಂತಿಯಿಲ್ಲ; ಆ ಹೊತ್ತಿಗೆ ಫೋನಿನ ಇಂಟರ್‌ನೆಟ್ಟೂ ಇರಲಿಲ್ಲ. ಆದರೂ ಒಂದೆರಡು ನಿಮಿಷಗಳಲ್ಲಿ ಚಾಲುಕ್ಯರ ಕಥೆಯು ಬೇವಿನ ನೆರಳಿನ ತುಂಬ ಕೇಳತೊಡಗಿತು.

ಧ್ವನಿವರ್ಧಕವು ಕೂಡಿಕೊಳ್ಳುವ ಮುನ್ನ ಫೋನಿನ ಫಲಕದ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯು ಮೂಡಿದ್ದಿತು. ಮಾಸ್ತರರು ಅದನ್ನು ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತಿದರು. ಅದು ಏನನ್ನು ಕೇಳಿತೆಂದು ನಾವು ವಿಚಾರಿಸಲು, "ಏನೋ ಕೇಳ್ತೈತ್ರಿ, ಹೂಂ ಅಂದ್ರ ಕೆಲಸ ಆಗ್ತೈತ್ರಿ" ಎಂದು ಅವರು ನಕ್ಕರು. ನಾವು ಬಗ್ಗಿ ನೋಡಿದಷ್ಟರಿಂದ ಹೇಳುವುದಾದರೆ, ಫೋನಿನಲ್ಲಿರುವ ಪರಿಚಿತರ ಹೆಸರು ಮತ್ತು ನಂಬರುಗಳನ್ನೂ, ಯಾರು ಯಾವಾಗ ಮಾತಾಡಿದರೆಂಬ ಪಟ್ಟಿಯನ್ನೂ ಈ ಹೊಸ ಜೊತೆಗಾರನಿಗೆ ತೆರೆದಿಡಲೋ ಎಂದು ಅದು ಕೇಳಿತ್ತು. ಕಥೆಯನ್ನು ಗಟ್ಟಿಯಾಗಿ ನುಡಿಯಬೇಕಾದ ಒಂದು ಪೆಟ್ಟಿಗೆಗೆ ಮಾಸ್ತರರ ಬಂಧುಮಿತ್ರರ ಪಟ್ಟಿಯಿಂದ ಆಗಬೇಕಾದುದೇನು? ಒಂದು ಉಪಕಾರ ಮತ್ತು ಒಂದು ಅಜಾಗರೂಕತೆ, ಎರಡೂ ಒಂದೇ ಬೆರಳ ತುದಿಯಿಂದ ಅಲ್ಲಿ ಜರುಗಿದವು. ಇಂದಿನ ಲೇಖನದ ವಿಷಯವು ಇವೆರಡೂ ಆಗಿರುತ್ತದೆ.

ಬ್ಲೂಟೂತ್ ಎಂಬ ಈ ಸಮೀಪದ ನಿಸ್ತಂತು ಇಂದು ನಮ್ಮ ಊರುಗಳಲ್ಲಿ ಹೊಸದೇನೂ ಅಲ್ಲ. ಕಿವಿಯಲ್ಲಿ ಗುಬುಟು ಸಿಕ್ಕಿಸಿಕೊಂಡು ತನ್ನೊಡನೆ ತಾನೇ ಮಾತಾಡುವವನಂತೆ ತೋರುವ ಪ್ರಯಾಣಿಕನಿಂದ ಹಿಡಿದು, ಲ್ಯಾಪ್‌ಟಾಪಿಗೆ ಬಾಲವಿಲ್ಲದ ಮೌಸನ್ನೂ ಕೀಲಿಮಣೆಯನ್ನೂ ಕೂಡಿಸಿಕೊಂಡ ಗುಮಾಸ್ತರವರೆಗೆ ಎಲ್ಲರೂ ಅದರ ಗಿರಾಕಿಗಳೇ. ಮದುವೆಯ ಮನೆಯಲ್ಲಿ ತೆಗೆದ ಚಿತ್ರಗಳು ಒಂದು ಫೋನಿನಿಂದ ಇನ್ನೊಂದಕ್ಕೆ ಡೇಟಾದ ಕಾಸೂ ಖರ್ಚಾಗದೆ ದಾಟುತ್ತವೆ. ಮೋಟಾರಿನಲ್ಲಿ ಹೋಗುವವರ ಕರೆಯು ಬಂಡಿಯ ಫಲಕದಲ್ಲಿ ನುಡಿಯುತ್ತದೆ. ಮನೆಯ ಹಿರಿಯರ ರಕ್ತದ ಒತ್ತಡವನ್ನು ಅಳೆಯುವ ಪಟ್ಟಿಯು ಅಂಕಿಗಳನ್ನು ಮಗಳ ಫೋನಿಗೆ ತಾನೇ ಬರೆದು ಕಳಿಸುತ್ತದೆ. ಅಂಗಡಿಕಾರನ ಅಂಗೈಯಗಲದ ಮುದ್ರಣಯಂತ್ರವು ಫೋನಿನ ಅಪ್ಪಣೆಯಂತೆ ರಸೀದಿಯನ್ನು ಉಗುಳುತ್ತದೆ. ಕರೆಂಟು ಹೋದ ಸಂಜೆ ಫೋನಿನ ಇಂಟರ್‌ನೆಟ್ಟನ್ನು ಲ್ಯಾಪ್‌ಟಾಪಿಗೆ ಹರಿಸಿಕೊಂಡು ಅರ್ಜಿಯನ್ನು ಮುಗಿಸುವ ವಿದ್ಯಾರ್ಥಿಗೂ ಅದೇ ಆಸರೆ. ಇಷ್ಟಾದರೂ ಇದು ಏನು, ಯಾರದು, ಯಾವ ಕಟ್ಟಳೆಯಿಂದ ನಡೆಯುತ್ತದೆ ಎಂದು ಕೇಳಿದರೆ, ಓದುಬರಹ ಬಲ್ಲ ನಮ್ಮ ಪಟ್ಟಣಿಗರಲ್ಲಿಯೂ ಉತ್ತರ ಕೊಡುವವರು ವಿರಳ.

ಹೆಸರಿನಿಂದಲೇ ಆರಂಭಿಸೋಣ. ಇಂಗ್ಲಿಷ್ ಬಲ್ಲವರು ಇದನ್ನು "ನೀಲಿ ಹಲ್ಲು" ಎಂದು ಅರ್ಥಮಾಡಿ ನಗುವುದುಂಟು. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನಾದ ಹೆರಾಲ್ಡನ ಅಡ್ಡಹೆಸರು. ಚದರಿದ್ದ ಡೇನರನ್ನು ಒಂದುಗೂಡಿಸಿದವನೆಂದು ಆತನಿಗೆ ಖ್ಯಾತಿ. ತನ್ನ ತಂದೆತಾಯಿಗಳ ಸ್ಮರಣಾರ್ಥವಾಗಿ ಯೆಲ್ಲಿಂಗ್ ಎಂಬ ಊರಿನಲ್ಲಿ ಸುಮಾರು ೯೬೫ರಲ್ಲಿ ಆತನು ನಿಲ್ಲಿಸಿದ ಶಿಲೆಯು, ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದ ಆತನ ಕೀರ್ತಿಯನ್ನು ರೂನ್ ಎಂಬ ಹಳೆಯ ಲಿಪಿಯಲ್ಲಿ ಇಂದಿಗೂ ಸಾರುತ್ತಿದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ಹೊಸ ವಿದ್ಯೆಗೆ ಆ ಅರಸನ ಹೆಸರು ಒಪ್ಪುವುದೆಂದು ೧೯೯೦ರ ದಶಕದ ನಡುವಿನಲ್ಲಿ ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್ ಎಂಬ ಎಂಜಿನಿಯರರು ಸೂಚಿಸಿದರು. ತಾತ್ಕಾಲಿಕವೆಂದು ಇಟ್ಟ ಹೆಸರೇ ಸ್ಥಿರವಾಯಿತು. ನಮ್ಮ ಫೋನುಗಳ ಮೇಲೆ ಕಾಣುವ ಗುರುತು ಆ ಅರಸನ ಹೆಸರಿನ ಎರಡು ರೂನ್ ಅಕ್ಷರಗಳ ಜೋಡಣೆಯೇ ಆಗಿದೆ.

ಈ ಹೆಸರಿನ ಕಥೆಯನ್ನು ಕೇಳಿದಾಗ ನಮಗೆ ಐಹೊಳೆಯೇ ನೆನಪಾಗುತ್ತದೆ. ಗಜಪೃಷ್ಠಾಕಾರದ ಆ ಸುಪ್ರಸಿದ್ಧ ಗುಡಿಗೆ ದುರ್ಗದ ಗುಡಿಯೆಂಬ ಹೆಸರು ಬಂದುದು ಕೋಟೆಯ ದೆಸೆಯಿಂದ, ದುರ್ಗಾದೇವಿಯ ದೆಸೆಯಿಂದಲ್ಲ. ಆದರೆ ಬಂದವರಲ್ಲಿ ಅನೇಕರು ದೇವಿಯ ಗುಡಿಯೆಂದೇ ತಿಳಿದು ಹೋಗುತ್ತಾರೆ. ಇನ್ನೊಂದು ಗುಡಿಯಲ್ಲಿ ಹಿಂದೊಮ್ಮೆ ಲಾಡಖಾನನೆಂಬವನು ವಾಸವಾಗಿದ್ದನೆಂದು ಆತನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಹೆರಾಲ್ಡನ ಶಿಲೆಗಿಂತ ಮುನ್ನೂರು ವರ್ಷಕ್ಕೂ ಹಿಂದೆ, ಕ್ರಿಸ್ತಶಕ ೬೩೪ರಲ್ಲಿ, ರವಿಕೀರ್ತಿಯು ಮೇಗುತಿಯ ಜಿನಾಲಯದ ಗೋಡೆಯ ಮೇಲೆ ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ಕೆತ್ತಿಸಿದನು. ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದು ಹೇಳಿಕೊಂಡ ಆ ಕವಿಯ ಶಾಸನವು ಇಂದಿಗೂ ಗುಡ್ಡದ ಮೇಲಿದೆ. ಡೇನರ ಅರಸನ ಅಡ್ಡಹೆಸರು ಜಗತ್ತಿನ ಪ್ರತಿಯೊಂದು ಜೇಬಿನಲ್ಲಿಯೂ ಇರಲು, ಪುಲಿಕೇಶಿಯ ಶಾಸನದ ಕೆಳಗೆ ನಿಂತ ಕನ್ನಡಿಗನಿಗೆ ಅದರಲ್ಲೇನಿದೆಯೆಂದು ಹೇಳುವವರಿಲ್ಲದಿರುವುದು ನಾಚಿಕೆಯ ವಿಷಯವಲ್ಲವೇ?

ಈಗ ಯಂತ್ರದ ಮರ್ಮವನ್ನು ಸ್ವಲ್ಪದರಲ್ಲಿ ಹೇಳುವೆವು. ರೇಡಿಯೋ ಕೇಂದ್ರದಂತೆ ಇದೂ ವಿದ್ಯುತ್ಕಾಂತ ತರಂಗಗಳ ಮೂಲಕವೇ ಮಾತಾಡುತ್ತದೆ. ಸೆಕೆಂಡಿಗೆ ಸುಮಾರು ೨೪೦ ಕೋಟಿ ಕಂಪನಗಳ ಆಸುಪಾಸಿನ ಪಟ್ಟಿಯೊಂದು ಇದರ ಅಂಗಳ. ಇದೇ ಅಂಗಳದಲ್ಲಿ ವೈಫೈಯೂ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇರುವುದರಿಂದ ಗದ್ದಲ ಬಹಳ. ಈ ಗದ್ದಲದಲ್ಲಿ ಮಾತು ಕೆಡದಂತೆ ಮಾಡಿರುವ ಉಪಾಯವು ಕುತೂಹಲಕರವಾದುದು. ಆ ಪಟ್ಟಿಯನ್ನು ೭೯ ಓಣಿಗಳಾಗಿ ಭಾಗಿಸಿ, ಕೂಡಿಕೊಂಡ ಎರಡು ಯಂತ್ರಗಳು ಸೆಕೆಂಡಿಗೆ ೧೬೦೦ ಸಲ ಓಣಿಯಿಂದ ಓಣಿಗೆ ಜೊತೆಜೊತೆಯಾಗಿ ಜಿಗಿಯುತ್ತವೆ. ಯಾವ ಕ್ಷಣಕ್ಕೆ ಯಾವ ಓಣಿಯೆಂಬುದು ಅವೆರಡಕ್ಕೂ ಮೊದಲೇ ಗೊತ್ತಿರುತ್ತದೆ. ಒಂದು ಓಣಿಯಲ್ಲಿ ಗಲಾಟೆಯಿದ್ದರೆ ಮುಂದಿನದರಲ್ಲಿ ಮಾತು ಸಾಗುತ್ತದೆ. ಸಾಮಾನ್ಯವಾದ ಫೋನಿನಲ್ಲಿ ಇದರ ದನಿಯು ಹತ್ತು ಮೀಟರಿನ ಸುತ್ತಳತೆಯಲ್ಲಿ ಚೆನ್ನಾಗಿ ಕೇಳುತ್ತದೆ. ಹಿರಿಯರು ದೂರವನ್ನು ಕೂಗಳತೆಯಿಂದ ಎಣಿಸುತ್ತಿದ್ದರು. ಅದೇ ಮಾತನ್ನು ಇದಕ್ಕೆ ಕೊಡಬಹುದು. ೨೦೧೦ರಲ್ಲಿ ಬಂದ ಇನ್ನೊಂದು ಬಗೆಯು ಶಕ್ತಿಯನ್ನು ಅತ್ಯಲ್ಪವಾಗಿ ಬಳಸುವುದರಿಂದ, ಗುಂಡಿಯಷ್ಟು ಬ್ಯಾಟರಿಯೊಂದರ ಮೇಲೆ ತಿಂಗಳುಗಟ್ಟಲೆ ಜೀವಿಸಬಲ್ಲದು.

ನಿಸ್ತಂತುವಿನ ಇತಿಹಾಸದಲ್ಲಿ ನಮ್ಮವರ ಪಾಲೂ ಉಂಟು. ೧೮೯೫ರಲ್ಲಿ ಕಲಕತ್ತೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ತಂತಿಯ ಹಂಗಿಲ್ಲದೆ ಗೋಡೆಗಳನ್ನು ದಾಟಿಸಿದ ತರಂಗದಿಂದ ಗಂಟೆಯನ್ನು ಬಾರಿಸಿ ಮದ್ದನ್ನು ಸಿಡಿಸಿ ತೋರಿಸಿದರು. ಖಂಡಾಂತರ ಸಂದೇಶದ ಆಡಂಬರವಿಲ್ಲದ ಆ ಪ್ರಯೋಗವು ಇಂದಿನ ಕೂಗಳತೆಯ ನಿಸ್ತಂತುವಿಗೆ ಹಿರಿಯನೆಂದರೆ ತಪ್ಪಾಗದು. ೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ಆರಂಭಿಸಿದರು. "ಆಕಾಶವಾಣಿ" ಎಂಬ ಅದರ ಹೆಸರು ಮುಂದೆ ಇಡೀ ಭಾರತದ ಪ್ರಸಾರಕ್ಕೆ ಬಂದಿತು. ಇಷ್ಟು ಇದ್ದರೂ ನಮ್ಮ ದೇಶದಲ್ಲಿ ಅಲೆಗಳ ಮೇಲೆ ಪ್ರಜೆಗೆ ಬಹುಕಾಲ ಹಕ್ಕಿರಲಿಲ್ಲ. ೧೯೩೩ರ ನಿಸ್ತಂತು ಕಾಯಿದೆಯು ಪರವಾನಗಿಯಿಲ್ಲದೆ ರೇಡಿಯೋವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತ್ತು. ರೇಡಿಯೋ ಲೈಸೆನ್ಸಿನ ಹಣವನ್ನು ಅಂಚೆ ಕಚೇರಿಗೆ ಕಟ್ಟಿಬಂದ ನೆನಪು ಇಂದಿನ ಹಿರಿಯರಲ್ಲಿ ಮಾಸಿಲ್ಲ. ಹೀಗಿರಲು, ೨೦೦೫ರ ಜನವರಿಯಲ್ಲಿ ಕೇಂದ್ರ ಸರಕಾರವು ಬ್ಲೂಟೂತಿನ ಅಂಗಳವಾದ ಆ ಪಟ್ಟಿಯಲ್ಲಿ ಅಲ್ಪಶಕ್ತಿಯ ಯಂತ್ರಗಳನ್ನು ಬಳಸಲು ಪರವಾನಗಿ ಬೇಡವೆಂದು ನಿಯಮ ಮಾಡಿದುದು ಸಣ್ಣ ಮಾತಲ್ಲ. ಹೋರಾಟವಿಲ್ಲದೆ, ಮೆರವಣಿಗೆಯಿಲ್ಲದೆ, ಆಕಾಶದ ಒಂದು ತುಂಡು ಗೋಮಾಳದಂತೆ ಎಲ್ಲರದೂ ಆಯಿತು. ಅಲ್ಲಿ ಯಾರ ಗೋಪುರಕ್ಕೂ ಬಾಡಿಗೆಯಿಲ್ಲ. ಬಡವನ ಫೋನಿಗೂ ಶ್ರೀಮಂತನ ಫೋನಿಗೂ ಸಮಾನವಾದ ಹಕ್ಕು.

ಗೋಮಾಳವೆಂದ ಮೇಲೆ ಅದನ್ನು ಬಳಸುವವರ ನಡುವೆ ಕಟ್ಟುಪಾಡು ಬೇಕು. ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಎರಿಕ್ಸನ್ ಕಂಪನಿಯ ಎಂಜಿನಿಯರರು ೧೯೯೪ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ೧೯೯೮ರಲ್ಲಿ ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೊಶಿಬಾ ಎಂಬ ಐದು ಕಂಪನಿಗಳು ಒಂದು ಕೂಟವನ್ನು ಕಟ್ಟಿ, ಎಲ್ಲರ ಯಂತ್ರಗಳೂ ಒಂದೇ ನಿಯಮದಲ್ಲಿ ಮಾತಾಡಬೇಕೆಂದು ನಿರ್ಧರಿಸಿದವು. ಪೇಟೆಯಲ್ಲಿ ಎದುರಾಳಿಗಳಾಗಿದ್ದವರು ಮಾತಿನ ಕ್ರಮದಲ್ಲಿ ಒಂದಾದುದರಿಂದಲೇ, ಚೀನದಲ್ಲಿ ಮಾಡಿದ ಧ್ವನಿವರ್ಧಕವು ಕೊರಿಯದ ಕಂಪನಿಯ ಫೋನಿನೊಡನೆ ಐಹೊಳೆಯ ಬೇವಿನ ಕೆಳಗೆ ಮಾತಾಡಲು ಸಾಧ್ಯವಾಯಿತು. ಇದನ್ನು ಪಶ್ಚಿಮದ ಅಪೂರ್ವ ಬುದ್ಧಿಯೆಂದು ಬೆರಗಾಗುವವರಿಗೆ ನಾವು ಐಹೊಳೆಯ ಮಣ್ಣನ್ನೇ ತೋರಿಸುವೆವು. ಅಯ್ಯಾವೊಳೆಯ ಐನೂರ್ವರೆಂಬ ವಣಿಕ ಸಂಘವು ಈ ಊರಿನ ಹೆಸರನ್ನು ಹೊತ್ತು ತಮಿಳುನಾಡು, ಸಿಂಹಳಗಳನ್ನು ದಾಟಿ ವ್ಯಾಪಾರ ಮಾಡಿತು. ಸುಮಾತ್ರದ ಬಾರೂಸಿನಲ್ಲಿ ದೊರೆತ ೧೦೮೮ರ ತಮಿಳು ಶಾಸನವು ಐನೂರ್ವರನ್ನು ಸ್ಮರಿಸುತ್ತದೆ. ಅವರ ಕಟ್ಟುಪಾಡಿಗೆ ಶಾಸನಗಳಲ್ಲಿ "ಸಮಯ" ಎಂದು ಹೆಸರು. ನಾಡು ಬೇರೆ, ನುಡಿ ಬೇರೆ, ಅರಸು ಬೇರೆಯಾದರೂ ಸಮಯಕ್ಕೆ ಒಪ್ಪಿ ನಡೆದವರು ಒಬ್ಬರನ್ನೊಬ್ಬರು ನಂಬಿ ಸರಕನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಬ್ಲೂಟೂತ್ ಕೂಟವೂ ಅಂಥದೇ ಒಂದು ಸಮಯ.

ಆ ಹಿಂದಿನ ಸಮಯದಲ್ಲಿ ನಮ್ಮವರು ಯಜಮಾನರಾಗಿದ್ದರು. ಇಂದಿನ ಸಮಯದಲ್ಲಿ ನಾವು ಬಹುಮಟ್ಟಿಗೆ ಗಿರಾಕಿಗಳು. ಇದನ್ನು ಹೇಳಿ ಎದೆ ಬಡಿದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಬೆಂಗಳೂರಿನಲ್ಲಿ ಕುಳಿತು ಇಂಥ ಯಂತ್ರಗಳ ಚಿಪ್ಪುಗಳಿಗೂ ತಂತ್ರಾಂಶಕ್ಕೂ ದುಡಿಯುವ ಕನ್ನಡದ ಯುವಕ ಯುವತಿಯರು ಎಷ್ಟೋ ಮಂದಿಯಿದ್ದಾರೆ. ಆದರೆ ಗಿರಾಕಿಗೂ ಒಂದು ಘನತೆಯುಂಟು. ಸಂತೆಯಲ್ಲಿ ಕಾಳು ಕೊಳ್ಳುವ ರೈತನು ಹಿಡಿಯಲ್ಲಿ ತೆಗೆದು ಊದಿ ನೋಡಿ ಕೊಳ್ಳುತ್ತಾನೆ. ಸಾವಿರಾರು ರೂಪಾಯಿಯ ಫೋನನ್ನು ಕೊಳ್ಳುವ ನಾವು, ಅದು ಕೇಳುವ ಪ್ರಶ್ನೆಯನ್ನು ಓದುವ ಶ್ರಮವನ್ನೂ ತೆಗೆದುಕೊಳ್ಳದೆ ಹೂಂಗುಟ್ಟುತ್ತೇವೆ. ಇದರ ತಪ್ಪು ಕಂಪನಿಗಳದಷ್ಟೇ ಎಂದು ಹೇಳಲು ನಮ್ಮ ಮನಸ್ಸು ಒಪ್ಪದು. ಬಹುತೇಕ ಫೋನುಗಳ ಭಾಷೆಗಳ ಪಟ್ಟಿಯಲ್ಲಿ ಕನ್ನಡವು ಇದ್ದೇ ಇದೆ. ಅದನ್ನು ಆರಿಸಿಕೊಂಡರೆ ಆ ಪ್ರಶ್ನೆಯು ಕನ್ನಡದಲ್ಲಿಯೇ ಮೂಡುತ್ತದೆ. ಆದರೆ ಫೋನಿನಲ್ಲಿ ಕನ್ನಡವನ್ನಿಡುವುದು ತಮ್ಮ ಅಂತಸ್ತಿಗೆ ಕಡಿಮೆಯೆಂಬ ಭ್ರಮೆಯು ನಮ್ಮ ಓದಿದವರಲ್ಲಿಯೇ ಬೇರೂರಿದೆ. ನವೆಂಬರಿನಲ್ಲಿ ಬಾವುಟ ಹಾರಿಸುವ ಕೈಯಲ್ಲಿ ವರ್ಷವಿಡೀ ಇಂಗ್ಲಿಷಿನ ಫೋನಿರುತ್ತದೆ. ಉಳಿದಿರುವ ಕನ್ನಡವೂ ಕೆಲವೆಡೆ ಒರಟಾಗಿದೆಯೆಂಬ ದೂರು ಸುಳ್ಳಲ್ಲ. ಆದರೆ ಬಳಸುವವರಿಲ್ಲದ ಭಾಷೆಯನ್ನು ತಿದ್ದುವವರಾದರೂ ಯಾರು?

ಒಪ್ಪಿಗೆಯ ವಿಷಯವು ಅಲಕ್ಷ್ಯಕ್ಕೆ ಅರ್ಹವಲ್ಲವೆಂಬುದಕ್ಕೆ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೇ ಸಾಕ್ಷಿಯಾಗಿದೆ. ಕೊರೋನಾ ಪಿಡುಗಿನ ಕಾಲದಲ್ಲಿ, ೨೦೨೦ರ ಏಪ್ರಿಲಿನಲ್ಲಿ, ಕೇಂದ್ರ ಸರಕಾರವು ಆರೋಗ್ಯ ಸೇತು ಎಂಬ ಆ್ಯಪನ್ನು ಹೊರಡಿಸಿತು. ಎರಡು ಫೋನುಗಳು ಸಮೀಪಕ್ಕೆ ಬಂದುದನ್ನು ಬ್ಲೂಟೂತಿನಿಂದಲೇ ಅರಿತು, ರೋಗಿಯ ಬಳಿ ಯಾರು ಇದ್ದರೆಂದು ಪತ್ತೆಮಾಡುವುದು ಅದರ ಕ್ರಮವಾಗಿತ್ತು. ಉದ್ದೇಶವು ಒಳ್ಳೆಯದೇ. ಆದರೆ ಅದನ್ನು ಹಾಕಿಕೊಳ್ಳದವನಿಗೆ ಸರಕಾರದ ಸೇವೆಯನ್ನು ನಿರಾಕರಿಸಬಹುದೇ ಎಂಬ ಪ್ರಶ್ನೆಯು ಎದ್ದಿತು. ಕಾನೂನಿನ ಆಧಾರವಿಲ್ಲದೆ ಹಾಗೆ ನಿರಾಕರಿಸಲಾಗದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೦ರ ಅಕ್ಟೋಬರಿನಲ್ಲಿ ತಿಳಿಸಿತು. ೨೦೨೧ರ ಜನವರಿಯಲ್ಲಿ ಅದೇ ನ್ಯಾಯಾಲಯವು, ಬಳಕೆದಾರರ ಅರಿತ ಒಪ್ಪಿಗೆಯಿಲ್ಲದೆ ಆ ಆ್ಯಪಿನ ಮಾಹಿತಿಯನ್ನು ಹಂಚಕೂಡದೆಂದು ಮಧ್ಯಂತರ ಆದೇಶವನ್ನಿತ್ತಿತು. "ಅರಿತ ಒಪ್ಪಿಗೆ" ಎಂಬ ಈ ಎರಡು ಶಬ್ದಗಳನ್ನು ನಮ್ಮ ಅಧಿಕಾರಿವರ್ಗವು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು. ತಿಳಿಯದ ಭಾಷೆಯಲ್ಲಿ ಕೇಳಿ ಪಡೆದ ಒಪ್ಪಿಗೆಯು ಅರಿತ ಒಪ್ಪಿಗೆಯಾಗಲಾರದು. ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲವನ್ನು ಬರೆಸಿಕೊಂಡ ಸಾಹುಕಾರರ ಕಥೆಗಳನ್ನು ನಮ್ಮ ಹಳ್ಳಿಗಳು ಮರೆತಿಲ್ಲ. ಓದಲು ಬಂದೂ ಓದದೆ ಒತ್ತಿದ ಬೆರಳು ಆ ಹೆಬ್ಬೆಟ್ಟಿಗಿಂತ ಮೇಲೇನೂ ಅಲ್ಲ.

ಹಾಗೆಂದ ಮಾತ್ರಕ್ಕೆ ಹೆದರಿ ಇದನ್ನು ದೂರವಿಡಬೇಕೆಂಬ ವಾದವನ್ನು ನಾವು ಒಪ್ಪಲಾರೆವು. ೨೦೧೭ರಲ್ಲಿ ಈ ನಿಸ್ತಂತುವಿನ ತಂತ್ರಾಂಶದಲ್ಲಿ ದೊಡ್ಡದೊಂದು ಬಿರುಕು ಬಯಲಾಯಿತು. ಬ್ಲೂಟೂತ್ ತೆರೆದಿದ್ದ ಫೋನಿನೊಳಕ್ಕೆ ಸಮೀಪದ ಕಳ್ಳನು ಒಪ್ಪಿಗೆಯನ್ನೇ ಕೇಳದೆ ನುಗ್ಗಬಹುದಾಗಿತ್ತು. ಕಂಪನಿಗಳು ಅದನ್ನು ಮುಚ್ಚಿ ಹೊಸ ಆವೃತ್ತಿಯನ್ನು ಕಳಿಸಿದವು. ಬಾಗಿಲಿಗೆ ಚಿಲಕವಿದೆಯೆಂದು ಯಾರೂ ಮನೆ ಕಟ್ಟುವುದನ್ನು ಬಿಡುವುದಿಲ್ಲ. ಚಿಲಕವನ್ನು ಹಾಕುವುದನ್ನು ಕಲಿಯುತ್ತಾರೆ. ಕಲಿಯಬೇಕಾದುದೂ ಬಹಳವಿಲ್ಲ. ಕೆಲಸವಿಲ್ಲದಾಗ ಬ್ಲೂಟೂತನ್ನು ಆರಿಸಿಡಬೇಕು. ಫೋನಿಗೆ ಬರುವ ಸುಧಾರಣೆಗಳನ್ನು ಮುಂದೂಡದೆ ತುಂಬಿಕೊಳ್ಳಬೇಕು. ಬಸ್‌ನಿಲ್ದಾಣದಲ್ಲಿಯೋ ಸಂತೆಯಲ್ಲಿಯೋ ಗೊತ್ತಿಲ್ಲದ ಹೆಸರಿನಿಂದ ಬಂದ ಕಡತವನ್ನು ಸ್ವೀಕರಿಸಕೂಡದು. ಕೂಡಿಸುವಾಗ ಎರಡು ಕಡೆಯೂ ಸಂಖ್ಯೆಯು ಮೂಡಿದರೆ ಅವು ಒಂದೇ ಆಗಿವೆಯೋ ಎಂದು ನೋಡಬೇಕು. ಹಳೆಯ ಫೋನನ್ನಾಗಲಿ ಮೋಟಾರನ್ನಾಗಲಿ ಮಾರುವ ಮುನ್ನ ಅದರಲ್ಲಿ ಉಳಿದ ಜೋಡಣೆಗಳನ್ನು ಅಳಿಸಬೇಕು. ಧ್ವನಿವರ್ಧಕವು ಬಂಧುಗಳ ಪಟ್ಟಿಯನ್ನು ಕೇಳಿದರೆ "ಬೇಡ" ಎನ್ನಬೇಕು. ಬೇಡವೆಂದರೂ ಹಾಡು ಹಾಡಿಯೇ ತೀರುತ್ತದೆ.

ಸಾರ್ವಜನಿಕ ಕಾರ್ಯದಲ್ಲಿ ಈ ವಿದ್ಯೆಯ ಪ್ರಯೋಜನವು ಇನ್ನೂ ದೊಡ್ಡದು. ನ್ಯಾಯಬೆಲೆ ಅಂಗಡಿಯ ತಕ್ಕಡಿಯನ್ನೇ ತೆಗೆದುಕೊಳ್ಳಿ. ಹೆಬ್ಬೆಟ್ಟು ಪಡೆಯುವ ಯಂತ್ರವೊಂದು, ಅಕ್ಕಿಯನ್ನು ತೂಗುವ ತಕ್ಕಡಿಯೊಂದು. ಇವೆರಡಕ್ಕೂ ಮಾತಿಲ್ಲದ ಕಡೆ ಐದು ಕಿಲೋ ಎಂದು ಬರೆದು ನಾಲ್ಕೂವರೆಯನ್ನು ಅಳೆಯುವ ಕೈಚಳಕಕ್ಕೆ ಎಡೆಯುಂಟು. ೨೦೨೧ರ ಜೂನಿನಲ್ಲಿ ಕೇಂದ್ರ ಸರಕಾರವು ಆಹಾರ ಭದ್ರತಾ ಕಾಯಿದೆಯ ಕೆಳಗಿನ ನಿಯಮಗಳನ್ನು ತಿದ್ದಿ, ಇಲೆಕ್ಟ್ರಾನಿಕ್ ತಕ್ಕಡಿಗಳನ್ನು ಆ ಯಂತ್ರಗಳಿಗೆ ಜೋಡಿಸುವ ರಾಜ್ಯಗಳಿಗೆ ಉತ್ತೇಜನ ಕೊಡುವ ಮಾರ್ಗವನ್ನು ಮಾಡಿತು. ಈ ಜೋಡಣೆಯು ತಂತಿಯಿಂದಲೂ ಆಗಬಹುದು, ಕೂಗಳತೆಯ ನಿಸ್ತಂತುವಿನಿಂದಲೂ ಆಗಬಹುದು. ತಕ್ಕಡಿಯು ತೂಗಿದ ಅಂಕಿಯು ಮನುಷ್ಯನ ಕೈದಾಟದೆ ದಾಖಲೆಗೆ ಹೋದರೆ ಬಡವಳ ಚೀಲಕ್ಕೆ ಪೂರ್ತಿ ಅಕ್ಕಿಯು ಬೀಳುತ್ತದೆ. ಆದರೆ ನಮ್ಮ ಬೇಡಿಕೆಯು ಅಲ್ಲಿಗೆ ನಿಲ್ಲದು. ತಕ್ಕಡಿಯ ಅಂಕಿಯು ಅಂಗಡಿಕಾರನ ಕಡೆಗೆ ಮಾತ್ರ ಮುಖಮಾಡಿದ್ದರೆ ಫಲವೇನು? ಅಂಕಿಯು ಚೀಟಿದಾರಳ ಕಡೆಗೂ ಕಾಣಬೇಕು, ರಸೀದಿಯು ಕನ್ನಡದಲ್ಲಿರಬೇಕು, ಓದು ಬಾರದವಳಿಗೆ ಯಂತ್ರವೇ ತೂಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಯಂತ್ರಕ್ಕೆ ಯಂತ್ರವು ಪ್ರಾಮಾಣಿಕವಾಗಿ ಮಾತಾಡಿದರೆ ಸಾಲದು. ಪ್ರಜೆಗೂ ಅದು ಕೇಳಬೇಕು.

ಕಿವಿ ಮಂದವಾದವರ ಕಷ್ಟವನ್ನೂ ಇಲ್ಲಿ ಸ್ಮರಿಸುವುದು ಉಚಿತ. ೨೦೨೦ರಲ್ಲಿ ಘೋಷಿತವಾದ ಬ್ಲೂಟೂತಿನ ಹೊಸ ಧ್ವನಿಪದ್ಧತಿಯಲ್ಲಿ ಒಂದು ಯಂತ್ರವು ಒಂದೇ ಕಾಲಕ್ಕೆ ಎಷ್ಟು ಮಂದಿಯ ಕಿವಿಗಾದರೂ ನುಡಿಯಬಹುದು; ಅದಕ್ಕೆ ಹೊಂದುವ ಶ್ರವಣಸಾಧನಗಳು ಆ ದನಿಯನ್ನು ನೇರವಾಗಿ ಹಿಡಿಯುತ್ತವೆ. ನಮ್ಮ ನ್ಯಾಯಾಲಯಗಳಲ್ಲಿ, ಸಭಾಭವನಗಳಲ್ಲಿ, ರಂಗಮಂದಿರಗಳಲ್ಲಿ ಹಿಂದಿನ ಸಾಲಿನ ವೃದ್ಧರು ಕೈಯನ್ನು ಕಿವಿಗೆ ಆನಿಸಿ ಕುಳಿತಿರುವುದನ್ನು ಯಾರು ಕಂಡಿಲ್ಲ? ಹೊಸ ಸಭಾಂಗಣಗಳಿಗೆ ಅಂದಾಜುಪಟ್ಟಿಯನ್ನು ಬರೆಯುವ ಎಂಜಿನಿಯರರು ಅಮೃತಶಿಲೆಯ ಬಾಬಿನಲ್ಲಿ ಸ್ವಲ್ಪವನ್ನು ಉಳಿಸಿ ಇದಕ್ಕೆ ಕೊಟ್ಟರೆ ಪುಣ್ಯ ಬಂದೀತು.

ಇನ್ನು ಐಹೊಳೆಯ ವಿಷಯ. ಆ ಮಾಸ್ತರರು ತಮ್ಮ ಶ್ರಮದಿಂದ ಮಾಡಿದ ಕೆಲಸವನ್ನು ಇಲಾಖೆಗಳು ವ್ಯವಸ್ಥಿತವಾಗಿ ಮಾಡಬಾರದೇಕೆ? ಗುಂಡಿ ಬ್ಯಾಟರಿಯ ಮೇಲೆ ನಡೆಯುವ ಪುಟ್ಟ ನಿಸ್ತಂತು ದೀಪಗಳುಂಟು. ೨೦೧೩ರಿಂದಲೂ ಅವು ಬಳಕೆಯಲ್ಲಿವೆ. ಅವು ಹೆಚ್ಚೇನೂ ಹೇಳುವುದಿಲ್ಲ. "ನಾನು ಇಂಥ ಸಂಖ್ಯೆಯವನು, ಇಲ್ಲಿದ್ದೇನೆ" ಎಂದು ಸಾರುತ್ತಿರುತ್ತವೆ ಅಷ್ಟೆ. ಪ್ರತಿ ಗುಡಿಯ ಸಮೀಪದ ಸೂಚನಾಫಲಕದ ಕಂಬಕ್ಕೆ ಅಂಥ ಒಂದನ್ನು ಕೂಡಿಸಿ, ಟಿಕೆಟು ಕೊಡುವಲ್ಲಿಯೇ ಆ ಎಲ್ಲ ಗುಡಿಗಳ ವೃತ್ತಾಂತವನ್ನು ಬಂದವರ ಫೋನಿಗೆ ತುಂಬಿಕೊಟ್ಟರೆ, ಗುಡಿಯ ಮುಂದೆ ನಿಂತಾಗ ಇಂಟರ್‌ನೆಟ್ಟಿನ ಹಂಗಿಲ್ಲದೆ ಆಯಾ ಗುಡಿಯ ಕಥೆಯು ಕನ್ನಡದಲ್ಲಿ ಕೇಳುವುದು. ದುರ್ಗದ ಗುಡಿಗೆ ಆ ಹೆಸರೇಕೆ, ರಾವಳಫಡಿಯ ನಟರಾಜನ ಸುತ್ತ ಯಾರಿದ್ದಾರೆ, ಮೇಗುತಿಯ ಗೋಡೆಯು ಏನನ್ನು ಹೇಳುತ್ತದೆ ಎಂಬುದನ್ನು ಹುನಗುಂದದ ರೈತನೂ ಗದುಗಿನ ಗುಮಾಸ್ತನೂ ತನ್ನ ನುಡಿಯಲ್ಲಿ ತಿಳಿಯುವನು. ಶಿಲೆಗೆ ಮೊಳೆ ಹೊಡೆಯುವ ಮಾತು ಇದರಲ್ಲಿಲ್ಲ. ಹೊಡೆಯಲು ನಾವು ಬಿಡುವುದೂ ಇಲ್ಲ. ಯಾರು ಯಾವ ಗುಡಿಯ ಮುಂದೆ ಎಷ್ಟು ಹೊತ್ತು ನಿಂತರೆಂದು ಲೆಕ್ಕ ಬರೆದುಕೊಳ್ಳುವ ಚಪಲವನ್ನು ಇಲಾಖೆಯು ದೂರವಿಡಬೇಕು.

ಇದರಿಂದ ಅಲ್ಲಿಯ ಮಾರ್ಗದರ್ಶಕರ ಅನ್ನಕ್ಕೆ ಕಲ್ಲು ಬೀಳುವುದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯೋಗ್ಯವಾದುದೇ, ಉತ್ತರವೂ ಉಂಟು. ಆ ವೃತ್ತಾಂತಗಳನ್ನು ಬೆಂಗಳೂರಿನ ಯಾವುದೋ ಕೊಠಡಿಯಲ್ಲಿ ಬರೆಸದೆ, ಊರಿನ ಮಾರ್ಗದರ್ಶಕರಿಂದಲೂ ಶಿಕ್ಷಕರಿಂದಲೂ ವಿದ್ವಾಂಸರ ಪರಿಶೀಲನೆಗೊಳಪಡಿಸಿ ಬರೆಸಬೇಕು, ಅವರ ದನಿಯಲ್ಲಿಯೇ ಮುದ್ರಿಸಬೇಕು, ಅದಕ್ಕೆ ಸಂಭಾವನೆ ಕೊಡಬೇಕು. ಐಹೊಳೆಯ ಜನರು ಗುಡಿಗಳ ಮಗ್ಗುಲಲ್ಲಿಯೇ ಹುಟ್ಟಿ ಬೆಳೆದವರು. ಗುಡಿಯನ್ನು ಕಾಯಬೇಕೆಂದು ಅವರ ಮನೆಯನ್ನು ಕೀಳುವ ಮಾತು ಬಂದಾಗಲೆಲ್ಲ ಅವರು ಹೊರಗಿನವರಾಗುತ್ತಾರೆ. ಗುಡಿಯ ಕಥೆಯನ್ನು ಹೇಳುವ ಹಕ್ಕಾದರೂ ಅವರಿಗೆ ಇರಲಿ. ಮುದ್ರಿತ ದನಿಯನ್ನು ಕೇಳಿದ ಮೇಲೆ ಪ್ರಶ್ನೆ ಹುಟ್ಟಿದವನು ಮನುಷ್ಯನನ್ನೇ ಹುಡುಕುತ್ತಾನೆ. ಇಂದು ಏನೂ ತಿಳಿಯದೆ ಅರ್ಧ ತಾಸಿನಲ್ಲಿ ಬಸ್ಸು ಹತ್ತುವವನಿಂದ ಯಾವ ಮಾರ್ಗದರ್ಶಕನಿಗೂ ಗಳಿಕೆಯಿಲ್ಲ.

ಇದೆಲ್ಲಕ್ಕೂ ತಳಹದಿಯಾಗಿ ತಿಳಿವಳಿಕೆಯು ಬೇಕು. ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಸರಕಾರವು ಅರಿವು ಕೇಂದ್ರಗಳೆಂದು ಹೆಸರಿಟ್ಟಿದೆ. ಆ ಹೆಸರು ಸಾರ್ಥಕವಾಗಬೇಕಾದರೆ ತಿಂಗಳಿಗೊಂದು ಸಂಜೆಯಾದರೂ ಊರಿನವರನ್ನು ಕೂಡಿಸಿ, ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸುವುದನ್ನೂ, ಜೋಡಣೆಯ ಪ್ರಶ್ನೆಯನ್ನು ಓದಿ ಉತ್ತರಿಸುವುದನ್ನೂ ಕೈಹಿಡಿದು ಕಲಿಸಬೇಕು. ಪಾರಿಭಾಷಿಕ ಶಬ್ದಗಳಿಗೆ ಹೆದರಬೇಕಾದುದಿಲ್ಲ. ಬ್ಲೂಟೂತ್ ಎಂಬುದು ಅಂಕಿತನಾಮವಾದುದರಿಂದ ಹಾಗೆಯೇ ಇರಲಿ. ಮಿಕ್ಕುದಕ್ಕೆ ನಮ್ಮಲ್ಲಿ ಮಾತುಗಳ ಕೊರತೆಯಿಲ್ಲ. ಐಹೊಳೆಯ ನೆರೆಯ ಇಳಕಲ್ಲಿನಲ್ಲಿ ಸೀರೆ ನೇಯುವವರು ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಎಳೆಗೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಬೇರೆ ಬೇರೆಯಾದ ಎರಡು ಹಾಸುಗಳನ್ನು ಒಂದೇ ಸೀರೆಯಾಗಿಸುವ ಆ ಕೊಂಡಿಯಲ್ಲಿ ಒಂದೆಳೆ ತಪ್ಪಿದರೂ ಸೆರಗು ನಿಲ್ಲದೆಂದು ಅವರಿಗೆ ಗೊತ್ತು. ಆದುದರಿಂದ ಕಣ್ಣಿಟ್ಟು ಕೂಡಿಸುತ್ತಾರೆ. ನಮ್ಮ ಫೋನಿನ ಜೋಡಣೆಯೂ ಆ ನೇಕಾರರ ಎಚ್ಚರದಿಂದ ಆಗಲಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಲೇಖನವೇಕೆಂದು ಕೇಳುವವರಿರಬಹುದು. ಸ್ವಾತಂತ್ರ್ಯವನ್ನು ಕೆಂಪುಕೋಟೆಯ ಬಾವುಟದಲ್ಲಿ ಮಾತ್ರ ಕಾಣುವವರಿಗೆ ಇದು ಸಣ್ಣದೇ. ದಿನಕ್ಕೆ ಹತ್ತು ಸಲ ನಮ್ಮನ್ನು ಒಂದು ಯಂತ್ರವು "ಒಪ್ಪುವೆಯಾ?" ಎಂದು ಕೇಳುವ ಈ ಕಾಲದಲ್ಲಿ, ತಿಳಿದು ಹೂಂ ಎನ್ನುವುದೂ ತಿಳಿದು ಊಹೂಂ ಎನ್ನುವುದೂ ಸ್ವಾತಂತ್ರ್ಯದ ನಿತ್ಯಾಭ್ಯಾಸವೆಂದು ನಾವು ನಂಬಿದ್ದೇವೆ. ಐನೂರ್ವರು ಸಮಯವನ್ನು ಅರಿತು ಒಪ್ಪಿದುದರಿಂದಲೇ ಕಡಲಾಚೆಯೂ ಯಜಮಾನರಾಗಿ ನಡೆದರು. ಅವರ ಊರಿನ ಬೇವಿನ ಕೆಳಗೆ ಚಾಲುಕ್ಯರ ಕಥೆಯನ್ನು ಮಕ್ಕಳಿಗೆ ಕೇಳಿಸಿದ ಆ ಮಾಸ್ತರರಿಗೆ ನಮ್ಮ ನಮಸ್ಕಾರಗಳು. ಅವರು ಮುಂದಿನ ವರ್ಷ ಮತ್ತೆ ಮಕ್ಕಳನ್ನು ಕರೆತಂದಾಗ ಆ ಪ್ರಶ್ನೆಯು ಕನ್ನಡದಲ್ಲಿ ಮೂಡಲಿ, ಅವರು ಅದನ್ನು ಮಕ್ಕಳಿಗೂ ಓದಿ ಹೇಳಲಿ, ಬಂಧುಗಳ ಪಟ್ಟಿಗೆ "ಬೇಡ" ಎಂದು ಒತ್ತಿ ಕಥೆಯನ್ನು ಆರಂಭಿಸಲಿ.